ರಂಜಣಗಿಯ ಪಕ್ಕದ ಮೀಟರು

ಕಾವು ಅಳೆಯುವ ಮೀಟರು ಕೊಡುವಾಗ ವರದಾ ಹೇಳಿದ್ದು ಎರಡೇ ಮಾತು. ಬಿಸಿಲಿಗೆ ಇಡಬೇಡಿ, ಕೆಡುತ್ತದೆ. ಜೋಪಾನ ಮಾಡಿ, ಮೂರೇ ಇವೆ.

ವರದಾ ನನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಚಾಳಿನಲ್ಲಿ ಎಲ್ಲರೂ ಅವಳನ್ನು ಮೇಡಮ್ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಬರೆಯುವಾಗ ಅನ್ನಬೇಕಾಗಿಲ್ಲ. ಅವಳ ಮನೆಯವರು ಧಾರವಾಡದ ಕಡೆಯವರು, ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಕಾಲೇಜಿನ ಹುಡುಗರ ಗುಂಪಿನಲ್ಲಿ ಕನ್ನಡ ಬರುವವಳು ಅವಳೊಬ್ಬಳೇ ಆದ್ದರಿಂದ ಅವಳನ್ನು ನಮ್ಮ ಚಾಳಿಗೆ ಹಾಕಿದ್ದರು.

ನಮ್ಮ ಚಾಳು ಧನಕವಡಿಯ ಹಿಂದಿನ ಗುಡ್ಡದ ಇಳಿಜಾರಿನಲ್ಲಿದೆ. ಮೂವತ್ತಾರು ಖೋಲಿ, ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಗೋಡೆಯೂ ತಗಡಿನ ಪತ್ರಾ, ಮೇಲೂ ಪತ್ರಾ. ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರೇ ಎಲ್ಲ. ಈ ಬೇಸಿಗೆಯಲ್ಲಿ ವಾರ್ಡ್ ಆಫೀಸಿನವರು ನಮ್ಮಂಥವರಿರುವ ಕೆಲವು ಬಸ್ತಿಗಳನ್ನು ಆರಿಸಿ ಪತ್ರಾದ ಮೇಲೆ ಬಿಳಿ ಬಣ್ಣ ಕೊಡುವವರಿದ್ದರು. ಸುಣ್ಣವಲ್ಲ. ಸುಣ್ಣವನ್ನು ಶಂಕ್ರೆಪ್ಪ ಕಾಕಾ ಹಿಂದೊಮ್ಮೆ ಹಚ್ಚಿ ನೋಡಿದ್ದ, ಎಂಟು ದಿನದಲ್ಲಿ ಹಪ್ಪಳದ ಹಾಗೆ ಎದ್ದು ಗಾಳಿಗೆ ಹೋಗಿತ್ತು. ಇದು ಪತ್ರಾವನ್ನು ಹಿಡಿದುಕೊಳ್ಳುವ ಬಣ್ಣ. ಹಚ್ಚಿದರೆ ಒಳಗಿನ ಕಾವು ನಾಲ್ಕೈದು ಡಿಗ್ರಿ ಇಳಿಯುತ್ತದಂತೆ. ಯಾವ ಬಸ್ತಿಗೆ ಕೊಡಬೇಕು ಎಂಬುದು ಖೋಲಿಯೊಳಗಿನ ಕಾವಿನ ಮೇಲೆ ತೀರ್ಮಾನವಾಗುತ್ತಿತ್ತು. ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಸಲ, ಬಸ್ತಿಯವರೇ ಅಳೆದು ಕಾಲೇಜಿನ ಗುಂಪಿಗೆ ಬರೆದುಕೊಡಬೇಕು. ಬಸ್ತಿಯ ಯುವಕರೇ ಈ ಕೆಲಸದ ಮುಂದಾಳುಗಳು ಎಂದು ಗುಂಪಿನ ಮುಖಂಡ ಋಷಿಕೇಶ ಮರಾಠಿಯಲ್ಲಿ ಭಾಷಣ ಮಾಡಿದ. ಬಸ್ತಿಯ ಯುವಕರು ಆ ಹೊತ್ತಿಗೆ ಸೈಟಿನ ಮೇಲೆ ಇಟ್ಟಂಗಿ ಹೊರುತ್ತಿದ್ದರು. ಹಗಲು ಚಾಳಿನಲ್ಲಿ ಇರುವವಳು, ಅಂಕಿ ಬರೆಯಲು ಬರುವವಳು ನಾನೊಬ್ಬಳೇ. ಏಳನೆಯ ತರಗತಿಗೆ ಬಿಟ್ಟವಳಾದರೂ ಅಂಕಿ ತುಂಬುವ ಕಾರ್ಡು ನನ್ನ ಕೈಗೆ ಬಂತು.

ನನಗೆ ಆ ಬಣ್ಣ ಬೇಕಾಗಿದ್ದುದು ಶೀತಲ ವೈನಿಗಾಗಿ. ವೈನಿ ನನ್ನ ಅಣ್ಣ ಜೈಭೀಮನ ಹೆಂಡತಿ. ಹೋದ ವರ್ಷ ಮೇ ತಿಂಗಳಲ್ಲಿ, ಇದೇ ಖೋಲಿಯಲ್ಲಿ, ಎಂಟು ತಿಂಗಳಾಗಿದ್ದಾಗ ಅವಳ ಹೊಟ್ಟೆಯಲ್ಲಿನ ಕೂಸು ಮಿಸುಕುವುದನ್ನು ನಿಲ್ಲಿಸಿತು. ಕಾವಿನಿಂದಲೇ ಹೀಗಾಯಿತು ಎಂದು ಹೇಳಲು ಬರುವುದಿಲ್ಲ, ಆದರೆ ಮುಂದಿನ ಸಲ ಇವಳನ್ನು ತಂಪಿನಲ್ಲಿಡಿ ಎಂದು ದವಾಖಾನೆಯ ಡಾಕ್ಟರಬಾಯಿ ಹೇಳಿ ಕಳಿಸಿದ್ದಳು. ಈಗ ಮತ್ತೆ ಏಳು ತುಂಬಿತ್ತು, ಮತ್ತೆ ಮೇ ತಿಂಗಳೇ ಬರುತ್ತಿತ್ತು. ಊರಿಗೆ ಕಳಿಸೋಣವೆಂದರೆ ಯಾದಗಿರಿಯ ಬಿಸಿಲು ಇಲ್ಲಿಗಿಂತ ಹೆಚ್ಚು.

ಮೊದಲ ದಿನ ನಮ್ಮ ಖೋಲಿಯ ಮೀಟರನ್ನು ನಾನು ವೈನಿ ಮಲಗುವ ಕಡೆ ಮೊಳೆಗೆ ಸಿಕ್ಕಿಸಿದೆ. ಮಧ್ಯಾಹ್ನ ಒಂದು ಗಂಟೆಗೆ ನಲವತ್ತಮೂರು, ನಾಲ್ಕಕ್ಕೆ ನಲವತ್ತನಾಲ್ಕು. ಎರಡನೆಯ ದಿನವೂ ಹೆಚ್ಚುಕಡಿಮೆ ಅಷ್ಟೇ. ಅಂದು ಸಂಜೆ ಪಕ್ಕದ ಖೋಲಿಯ ಅವ್ವಮ್ಮ ಆಯಿ ಸಕ್ಕರೆ ಕೇಳಲು ಬಂದವಳು ಮೊಳೆಯ ಕಡೆ ನೋಡಿದಳು.

“ಏ ಸುಲಭಾ, ಕೆಡ್ತದ ಅಂತ ಆ ಮೇಡಮ್ಮು ಬಡ್ಕೊಂಡು ಹೋಗ್ಯಾಳ, ನೀ ಪತ್ರಾಕ್ಕ ತಗಲಿಸಿ ಹುರೀಲಿಕತ್ತೀಯಲ್ಲ. ಕೆಟ್ಟುಹೋದ್ರ ನಿಮ್ಮಣ್ಣ ತಂದುಕೊಡ್ತಾನೇನು?”

ಅವಳೇ ಅದನ್ನು ಕಿತ್ತು ನೀರಿನ ರಂಜಣಗಿಯ ಪಕ್ಕ ಇಟ್ಟಳು. ಪತ್ರಾದ ಖೋಲಿಯಲ್ಲಿ ಕಾವಿಗೆ ಕೆಡುವಂಥದ್ದೆಲ್ಲ ಇರುವುದು ಅಲ್ಲೇ. ಮಣ್ಣಿನ ರಂಜಣಗಿಗೆ ಹಸಿ ಗೋಣಿತಟ್ಟು ಸುತ್ತಿರುತ್ತೇವೆ. ಹಾಲಿನ ಪಾಕೀಟು, ಮಕ್ಕಳ ಔಷಧಿ, ವೀಳ್ಯದೆಲೆ, ಚಾರ್ಜಿಗೆ ಹಾಕಿದ ಫೋನು, ಎಲ್ಲವನ್ನೂ ಆ ಗೋಣಿಯ ಮಡಿಕೆಗೆ ಆನಿಸಿ ಇಡುತ್ತೇವೆ. ಅವ್ವಮ್ಮ ಆಯಿಯ ಖೋಲಿಯ ಮೀಟರೂ ಶಂಕ್ರೆಪ್ಪ ಕಾಕಾನ ಖೋಲಿಯ ಮೀಟರೂ ಮೊದಲ ದಿನದಿಂದ ಅಲ್ಲೇ ಕೂತಿದ್ದವು. ಅಲ್ಲಿ ಹೋಗಿ ಬರೆದುಕೊಳ್ಳುವಾಗ ನಾನು ಗಮನಿಸಿದ್ದೆ, ಆದರೆ ಅವರ ಖೋಲಿ ಗುಡ್ಡದ ಮಗ್ಗುಲಿಗಿದೆ, ಕಾವು ಕಡಿಮೆ ಇದ್ದೀತು ಎಂದುಕೊಂಡಿದ್ದೆ.

ಮೂರನೆಯ ದಿನ ಒಂದು ಗಂಟೆಗೆ ನಮ್ಮ ಮೀಟರು ಮೂವತ್ತನಾಲ್ಕು ತೋರಿಸಿತು. ಹಿಂದಿನ ದಿನಕ್ಕಿಂತ ಬಿಸಿಲು ಹೆಚ್ಚಿತ್ತು. ವೈನಿ ಮಗ್ಗಲು ಬದಲಿಸಿದಾಗ ಅವಳ ಕೆಳಗಿನ ಚಾಪೆಯ ಮೇಲೆ ಬೆನ್ನಿನ ಆಕಾರದಲ್ಲಿ ಬೆವರು ನಿಂತಿತ್ತು. ಮೀಟರು ಅಳೆಯುತ್ತಿರುವುದು ಹಸಿ ಗೋಣಿಯ ತಂಪನ್ನು ಎಂದು ನನಗೆ ಆಗಲೇ ತಿಳಿಯಿತು.

ಅಂದೇ ವರದಾ ಇಬ್ಬರು ಗೆಳತಿಯರೊಂದಿಗೆ ಬಂದಳು, ವಿಡಿಯೋ ಮಾಡಲು. ನನ್ನನ್ನು ಬಾಗಿಲಿನಲ್ಲಿ ನಿಲ್ಲಿಸಿ, ಕಾರ್ಡು ಎದೆಯ ಹತ್ತಿರ ಹಿಡಿಸಿ, ಶಾಲೆ ಯಾಕೆ ಬಿಟ್ಟೆ ಎಂದು ಕೇಳಿದಳು. ಕಾವು ತಾಳಲಾಗದೆ ಬಿಟ್ಟೆ ಎಂದು ಹೇಳಬೇಕಂತೆ, ಒಂದೇ ಸಾಲು ಸಾಕಂತೆ. ನಾನು ಶಾಲೆ ಬಿಟ್ಟದ್ದು ಕಾವಿಗಲ್ಲ. ಮೂರು ವರ್ಷದಲ್ಲಿ ಅಪ್ಪನ ಸೈಟು ನಾಲ್ಕು ಸಲ ಬದಲಾಯಿತು. ಹೋದ ಹೋದ ಶಾಲೆಯಲ್ಲಿ ಬಾಗಿಲ ಹತ್ತಿರ ಕೂರಿಸಿ ಮತ್ತೆ ಮೊದಲಿನಿಂದ ಬರೆಸುತ್ತಿದ್ದರು. ನಾಲ್ಕನೆಯ ಸಲ ನಾನು ಹೋಗಲಿಲ್ಲ. ಇದನ್ನು ಫೋನಿನ ಮುಂದೆ ಹೇಳುವುದು ಹೇಗೆಂದು ತಿಳಿಯದೆ ನೆಲ ನೋಡುತ್ತಾ ನಿಂತೆ. ವರದಾ ಫೋನು ಇಳಿಸಿ, ಇವಳಿಂದ ಏನೂ ಆಗುವುದಿಲ್ಲ ಎಂದು ಗೆಳತಿಗೆ ಮರಾಠಿಯಲ್ಲಿ ಹೇಳಿದಳು. ನನಗೆ ಮರಾಠಿ ಬರುವುದಿಲ್ಲ ಎಂದು ಅವಳಿಗೆ ಯಾರು ಹೇಳಿದ್ದರೋ.

ಅವರು ಹೊರಡುವಾಗ ಹಿಂದೆ ಹೋದೆ.

“ಮೇಡಮ್, ಈ ಅಂಕಿ...”

“ಅಂಕಿ ಬಗ್ಗೆ ನೀ ವಿಚಾರ ಮಾಡಬ್ಯಾಡವಾ. ಏನ್ ಕಾಣಸ್ತದ ಅಷ್ಟ ಬರಿ. ಉಳದದ್ದು ನಮಗ ಬಿಡು.”

ಬಿಟ್ಟೆ. ಮುಂದಿನ ಹದಿನೆಂಟು ದಿನ ಮೂರು ಖೋಲಿಗೆ ಹೋಗಿ, ರಂಜಣಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾಣಿಸಿದ್ದನ್ನು ಬರೆದೆ. ಮೂವತ್ತಮೂರು. ಮೂವತ್ತನಾಲ್ಕು. ಮೂವತ್ತನಾಲ್ಕು. ಅಂಕಿ ದುಂಡಗೆ ಬರಲಿ ಎಂದು ಪೆನ್ನನ್ನು ಒತ್ತಿ ಬರೆದೆ. ಸುಳ್ಳೆಂದು ಗೊತ್ತಿದ್ದು ಬರೆದೆ. ಬರೆಯುವಾಗ ಒಂದು ನಮೂನೆಯ ಸಂತೋಷವೂ ಆಗುತ್ತಿತ್ತು, ಈಗ ಅನುಭವಿಸು ನೀನು ಎಂದು ವರದಾಳಿಗೆ ಅನ್ನುವ ಹಾಗೆ. ಅದರ ಫಲ ಉಣ್ಣುವವರು ಯಾರು ಎಂಬುದನ್ನು ಯೋಚಿಸಲೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಒಂಬತ್ತನೆಯ ದಿನ ವೈನಿ ಒಲೆಯ ಮುಂದೆ ಕುಸಿದಳು. ಒಲೆಕಲ್ಲಿಗೆ ಹಣೆ ಬಡಿದು ಹುಬ್ಬಿನ ಮೇಲೆ ಹರಿಯಿತು. ಮೂರು ಹೊಲಿಗೆ ಹಾಕಿಸಿಕೊಂಡು ಬಂದೆವು. ಕೂಸಿನ ಎದೆಬಡಿತ ಸರಿ ಇದೆ ಎಂದರು. ಬಂದ ಮೇಲೆ ನಾಲ್ಕು ಗಂಟೆಯ ಜಾಗದಲ್ಲಿ ಮೂವತ್ತನಾಲ್ಕು ಎಂದು ಬರೆದೆ.

ಏಪ್ರಿಲ್ ನಡುವೆ ಪಟ್ಟಿ ಬಂತು. ನಮ್ಮ ಚಾಳಿನ ಹೆಸರು ಅದರಲ್ಲಿ ಇರಲಿಲ್ಲ.

ಹೇಳಲು ಋಷಿಕೇಶ ಮತ್ತು ವರದಾ ಒಂದು ರವಿವಾರ ಮಧ್ಯಾಹ್ನ ಎರಡು ಗಂಟೆಗೆ ಬಂದರು. ಗಂಡಸರೆಲ್ಲ ಚಾಳಿನಲ್ಲೇ ಇದ್ದರು. ಶಂಕ್ರೆಪ್ಪ ಕಾಕಾ ಮೇಸ್ತ್ರಿ, ಚಾಳಿನ ಪರವಾಗಿ ಮಾತಾಡುವವನು ಅವನೇ. ಅವರಿಬ್ಬರಿಗೆ ಕೂರಲು ಏನೂ ಹಾಕಿಸಲಿಲ್ಲ. ಕಾಲುವೆಯ ಆಚೆಯ ಬಸ್ತಿಯಲ್ಲಿ ಅರ್ಧ ಮನೆಗಳಿಗೆ ಸ್ಲ್ಯಾಬೇ ಇದೆ, ಅವರಿಗೆ ಬಣ್ಣ ಬಂತು, ನಮಗೆ ಯಾಕಿಲ್ಲ ಎಂದು ಕೇಳಿದ. ನಮ್ಮ ಜಾತಿ ನೋಡಿ ಬಿಟ್ಟಿರೋ ಭಾಷೆ ನೋಡಿ ಬಿಟ್ಟಿರೋ ಎಂದು ಇನ್ನೊಬ್ಬ ಹಿಂದಿನಿಂದ ಕೇಳಿದ. ಋಷಿಕೇಶ ಅದೆಲ್ಲ ಏನಿಲ್ಲ ಎಂದು ಮರಾಠಿಯಲ್ಲಿ ಶುರು ಮಾಡಿದ, ವರದಾ ಅವನನ್ನು ತಡೆದಳು.

“ನಿಮ್ಮವರ ಬರದದ್ದು ಕಾಕಾ. ಖೋಲಿ ಒಳಗ ಮೂವತ್ನಾಲ್ಕ ಅಂತ. ಅಷ್ಟು ನಮ್ಮ ಮನಿಯೊಳಗೂ ಇರ್ತದ.”

ಕಾರ್ಡನ್ನು ಎತ್ತಿ ತೋರಿಸಿದಳು. ನನ್ನ ದುಂಡನೆಯ ಅಂಕಿಗಳು ದೂರಕ್ಕೂ ಕಾಣುತ್ತಿದ್ದವು. ನಮ್ಮ ಖೋಲಿಯ ಮೊದಲ ಎರಡು ದಿನದ ಸಾಲುಗಳಿಗೆ ಮಾತ್ರ ಕೆಂಪು ಗೀರು ಎಳೆದಿದ್ದರು. ಉಳಿದವಕ್ಕೆ ಹೊಂದದ್ದರಿಂದ ಆ ನಲವತ್ತಮೂರು, ನಲವತ್ತನಾಲ್ಕು ಎಲ್ಲ ಕಲಿಯುವಾಗ ಆದ ತಪ್ಪು ಎಂದು ತೆಗೆದುಹಾಕಿದ್ದರಂತೆ.

ಚಾಳಿಗೆ ಚಾಳೇ ನನ್ನ ಕಡೆ ತಿರುಗಿತು.

“ಮೂವತ್ನಾಲ್ಕ ಎಲ್ಲಿ ಕಂಡಿ ನೀ?” ಅಂದಳು ಅವ್ವಮ್ಮ ಆಯಿ. “ನಿಮ್ಮತ್ತಿ ಮನ್ಯಾಗ?”

ಕೆಲವರು ನಕ್ಕರು. ನನಗೆ ಮದುವೆಯಾಗಿಲ್ಲ. ಗುಂಪಿನವರು ಕೊಟ್ಟ ಹಸಿರು ಟೊಪ್ಪಿಗೆಗೆ ಬಾಯಿ ಬಿಟ್ಟು ಅವರು ಹೇಳಿದ್ದನ್ನೇ ಬರೆದಿದ್ದಾಳೆ ಎಂದು ಎದುರು ಖೋಲಿಯ ವಿಶಾಲಮ್ಮ ಅಂದಳು. ಅಣ್ಣ ಬೀಡಿ ಕೆಳಗೆ ಹಾಕಿ ಹೊಸಕಿದ. ನಾಲ್ಕು ಜನ ಕೂಡಿದ ಕಡೆ ನನಗೆ ಬಾಯಿ ಬರುವುದಿಲ್ಲ. ಒಳಗೆ ಹೋದೆ. ರಂಜಣಗಿಯ ಗೋಣಿಯಿಂದ ಮೀಟರು ತೆಗೆದು, ಸೆರಗಿನಿಂದ ಒರೆಸಿ, ವೈನಿಯ ತಲೆಯ ಮೇಲಿನ ಮೊಳೆಗೆ ಸಿಕ್ಕಿಸಿ ಹೊರಗೆ ಬಂದೆ.

“ಒಳಗ ಬಂದು ಹತ್ತು ನಿಮಿಷ ಕೂಡ್ರಿ,” ಎಂದೆ. ಅಂಕಿ ನಿಲ್ಲಲು ಹತ್ತು ನಿಮಿಷ ಬೇಕೆಂದು ಮೊದಲ ದಿನ ಹೇಳಿದವಳು ವರದಾಳೇ.

ವರದಾ ಋಷಿಕೇಶನ ಮುಖ ನೋಡಿದಳು. ಹೊತ್ತಾಯಿತು, ಇನ್ನೂ ಎರಡು ಬಸ್ತಿಗೆ ಹೋಗುವುದಿದೆ ಎಂದಳು.

“ಹೋಗ್ರಿ ಒಳಗ,” ಅಂದ ಶಂಕ್ರೆಪ್ಪ ಕಾಕಾ. “ನಿಮ್ಮ ಮನಿ ಅಷ್ಟ ತಂಪದ ಅಂದ್ರಲ್ಲ. ಥಂಡಿ ಹತ್ತಿದ್ರ ಕಂಬಳಿ ಕೊಡ್ತೀವಿ.”

ಇಬ್ಬರೂ ಒಳಗೆ ಬಂದರು. ನಾನು ಬಾಗಿಲು ಹಾಕಿಕೊಂಡೆ. ಮಧ್ಯಾಹ್ನ ನಾವು ಹಾಕಿಕೊಂಡೇ ಇರುತ್ತೇವೆ, ಇಲ್ಲದಿದ್ದರೆ ಟಿಪ್ಪರುಗಳ ಧೂಳು ಅನ್ನದ ಮೇಲೆ ಕೂರುತ್ತದೆ. ವೈನಿ ಎದ್ದು ಕೂತು, ಬಂದವರಿಗೆ ನೀರು ಕೊಡಲು ತಂಬಿಗೆಗೆ ಕೈ ಹಾಕಿದಳು. ನಾನು ತಂಬಿಗೆಯನ್ನು ಹಿಂದಕ್ಕೆ ಸರಿಸಿದೆ. ವೈನಿ ನನ್ನನ್ನು ನೋಡಿದಳು, ಅವಳ ಹುಬ್ಬಿನ ಮೇಲಿನ ಹೊಲಿಗೆಯ ಕಲೆ ಇನ್ನೂ ಕೆಂಪಗಿತ್ತು. ಋಷಿಕೇಶ ಕಾರ್ಡಿನಿಂದ ಗಾಳಿ ಹಾಕಿಕೊಂಡ, ಆಮೇಲೆ ಅದನ್ನೂ ನಿಲ್ಲಿಸಿದ. ನಾಲ್ಕನೆಯ ನಿಮಿಷಕ್ಕೋ ಐದನೆಯದಕ್ಕೋ ವರದಾ ಆಧಾರಕ್ಕೆಂದು ಗೋಡೆಗೆ ಕೈ ಊರಿ ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಅವಳ ಕಾಡಿಗೆ ಕೆನ್ನೆಗೆ ಇಳಿದಿತ್ತು. ನಾನು ಅದನ್ನೆಲ್ಲ ನೋಡುತ್ತಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

ನಲವತ್ತೈದು.

ವರದಾ ಹೊರಗೆ ಹೋಗಿ ಗಟಾರದ ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕೂತಳು. ಅವ್ವಮ್ಮ ಆಯಿ ಅವಳ ನೆತ್ತಿಗೆ ನೀರು ಸುರಿದು, ಕೇಳುವ ಹಾಗೆ ನಕ್ಕಳು. ಋಷಿಕೇಶ ಅಂಕಿಯ ಫೋಟೋ ತೆಗೆದು, ಹಾಗಾದರೆ ಇಷ್ಟು ದಿನ ಮೀಟರು ಎಲ್ಲಿತ್ತು ಎಂದು ಕೇಳಿದ. ನಾನು ರಂಜಣಗಿಯನ್ನು ತೋರಿಸಿದೆ. ಅವ್ವಮ್ಮ ಆಯಿಯ ನಗು ನಿಂತಿತು.

“ಕೆಡ್ತದ ಅಂತ ಇಕೀನೇ ಹೇಳಿದ್ಲು,” ಅಂದಳು.

“ಬಿಸಲಿಗೆ ಇಡಬ್ಯಾಡ್ರಿ ಅಂದಿದ್ದೆ,” ಅಂದಳು ವರದಾ ತಲೆಯೆತ್ತದೆ. “ನೀರಾಗ ಮುಳಗಸ್ರಿ ಅಂದಿರಲಿಲ್ಲ.”

ಆಮೇಲೆ ಎರಡೂ ಕಡೆಯವರು ಕೂಗಾಡಿದರು, ಅದರಿಂದ ಏನೂ ಹುಟ್ಟಲಿಲ್ಲ.

ಮೂರು ದಿನ ಬಿಟ್ಟು ವರದಾ ಒಬ್ಬಳೇ ಬಂದಳು. ತಪ್ಪು ಹೇಗಾಯಿತೆಂದು ಬರೆದವಳೇ ಸಹಿ ಮಾಡಿ ಕೊಟ್ಟರೆ ಆಫೀಸಿನವರು ಬಂದು ಇನ್ನೊಮ್ಮೆ ಅಳೆಯುತ್ತಾರಂತೆ. ಸಹಿಗೆ ಅವಳೇ ಒಂದು ಕಾಗದ ಮಾಡಿಸಿಕೊಂಡು ಬಂದಿದ್ದಳು, ಮರಾಠಿಯಲ್ಲಿ. ನಾನು ನಿಧಾನವಾಗಿ ಓದಿದೆ. ನೋಂದಣಿ ಮಾಡಿದ ಹುಡುಗಿ ಅಶಿಕ್ಷಿತಳಾದ ಕಾರಣ ಸ್ವಯಂಸೇವಕರು ಕೊಟ್ಟ ಸೂಚನೆಗಳನ್ನು ತಿಳಿಯದೆ ತಪ್ಪು ಮಾಡಿದ್ದಾಳೆ ಎಂದಿತ್ತು. ಎರಡು ಸಲ ಓದಿದೆ. ಪೆನ್ನು ಕೆಳಗಿಟ್ಟೆ.

ಸಂಜೆಯ ಹೊತ್ತು, ಸೈಟಿನಿಂದ ಬಂದವರು ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಒಬ್ಬೊಬ್ಬರೇ ಬಂದು ಸುತ್ತ ನಿಂತರು. ಸಹಿ ಮಾಡಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ವಿಶಾಲಮ್ಮ ಕೇಳಿದಳು. ಮೂವತ್ತಾರು ಖೋಲಿ ಬೇಯುತ್ತಿದ್ದರೆ ಇವಳಿಗೆ ತನ್ನ ಮಾನದ ಚಿಂತೆ ಎಂದಳು. ಶಂಕ್ರೆಪ್ಪ ಕಾಕಾ ಕೂಡ, ಅಶಿಕ್ಷಿತ ಎಂದರೆ ಬೈಗುಳವಲ್ಲ, ನಾವೆಲ್ಲ ಅದೇ, ಮಾಡು ಅಂದ. ಅಣ್ಣ ಪೆನ್ನನ್ನು ಎತ್ತಿ ಮತ್ತೆ ನನ್ನ ಕೈಯಲ್ಲಿ ಇಟ್ಟ.

ನಾನು ಕಾಗದವನ್ನು ಹಿಂದಕ್ಕೆ ತಿರುಗಿಸಿ ಖಾಲಿ ಮಗ್ಗುಲಿಗೆ ಕನ್ನಡದಲ್ಲಿ ಬರೆದೆ. ನಾಲ್ಕು ಸಾಲು. ಮೀಟರು ಬಿಸಿಲಿಗೆ ಕೆಡುತ್ತದೆ ಎಂದು ಹೇಳಿದರು, ಎಲ್ಲಿ ತೂಗುಹಾಕಬೇಕು ಎಂದು ಹೇಳಲಿಲ್ಲ. ನಾವು ಅದನ್ನು ನೀರಿನ ರಂಜಣಗಿಯ ಪಕ್ಕ ಹಸಿ ಗೋಣಿಯಲ್ಲಿ ಇಟ್ಟೆವು. ಮೊದಲ ಎರಡು ದಿನ ನಮ್ಮ ಖೋಲಿಯಲ್ಲಿ ಬರೆದದ್ದು ನಿಜ, ಅದನ್ನು ಅವರು ಹೊಡೆದುಹಾಕಿದರು. ಉಳಿದದ್ದು ತಪ್ಪೆಂದು ನನಗೆ ಮೂರನೆಯ ದಿನವೇ ಗೊತ್ತಾಗಿತ್ತು, ನಾನು ಹೇಳಲಿಲ್ಲ.

ಕೊನೆಯ ಸಾಲು ಇಲ್ಲದಿದ್ದರೂ ನಡೆಯುತ್ತಿತ್ತು. ಮೂರಕ್ಕೆ ನಿಲ್ಲಿಸಿ ಪೆನ್ನು ಮುಚ್ಚಿಯೂ ಇದ್ದೆ. ಆದರೆ ಹಾಗೆ ಬಿಟ್ಟರೆ ನನ್ನ ಕಾಗದಕ್ಕೂ ಅವಳ ಕಾಗದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

“ನೀವ ಮರಾಠಿ ಮಾಡ್ರಿ,” ಎಂದೆ. “ಎಲ್ಲಾರ ಮುಂದ ಓದ್ರಿ.”

ವರದಾ ಮೊದಲ ಮೂರು ಸಾಲನ್ನು ತುಟಿ ಅಲ್ಲಾಡಿಸಿದಷ್ಟೇ ಸದ್ದಿನಲ್ಲಿ ಓದಿದಳು. ನಾಲ್ಕನೆಯದಕ್ಕೆ ಬಂದಾಗ ನಿಂತು ನನ್ನ ಮುಖ ನೋಡಿದಳು. ಆಮೇಲೆ ಅದನ್ನು ಮರಾಠಿ ಮಾಡದೆ, ಕನ್ನಡದಲ್ಲೇ, ನಲ್ಲಿಯ ತನಕ ಕೇಳುವಂತೆ ಓದಿದಳು.

ಅವ್ವಮ್ಮ ಆಯಿ ಎಲೆಯಡಿಕೆಯನ್ನು ನನ್ನ ಕಾಲಿನ ಹತ್ತಿರ ಉಗಿದಳು. ಅಣ್ಣ ಊಟ ಮಾಡದೆ ಚಾಳಿನಿಂದ ಹೊರಗೆ ಹೋದ. ಶಂಕ್ರೆಪ್ಪ ಕಾಕಾ ಮಾತ್ರ ಕಾಗದವನ್ನು ಮಡಚಿ ವರದಾಳ ಕೈಗೆ ಕೊಟ್ಟು, ಹೀಗೇ ಕೊಡಿ, ಬದಲಿಸಿದರೆ ಕಾಲೇಜಿಗೇ ಬರುತ್ತೇವೆ ಎಂದ. ನಮ್ಮ ಖೋಲಿಯ ಬಾಗಿಲು ತೆರೆದಿತ್ತು. ಮುಚ್ಚಿದ್ದರೂ ಪತ್ರಾದ ಗೋಡೆಯ ಆಚೆ ಎಲ್ಲ ಕೇಳುತ್ತದೆ. ನಾನು ಒಳಗೆ ಹೋದಾಗ ವೈನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಆಫೀಸಿನವನು ಬಂದ, ತನ್ನದೇ ಮೀಟರನ್ನು ತಂದು ಎರಡು ಖೋಲಿಯಲ್ಲಿ ಮೂರು ದಿನ ತೂಗುಹಾಕಿದ. ಪಟ್ಟಿಯ ತುದಿಗೆ ನಮ್ಮ ಹೆಸರು ಸೇರಿತು. ತಿಂಗಳ ಕೊನೆಗೆ ಬಣ್ಣದ ಡಬ್ಬಿಗಳು ಬಂದವು. ಹಚ್ಚುವುದು ನಾವೇ. ಗಂಡಸರ ಭಾರಕ್ಕೆ ಹಳೆಯ ಪತ್ರಾ ಬಗ್ಗುತ್ತದೆ, ಹಗುರ ಮೈಯ ಹುಡುಗಿಯರೇ ಹತ್ತಬೇಕು ಎಂದು ಶಂಕ್ರೆಪ್ಪ ಕಾಕಾ ಐದು ಜನರನ್ನು ಆರಿಸಿದ. ನನ್ನ ಹೆಸರು ಕರೆಯಲಿಲ್ಲ. ನಾನೇ ಹೋಗಿ ಒಂದು ಬ್ರಷ್ ಎತ್ತಿಕೊಂಡೆ, ಯಾರೂ ಕಸಿದುಕೊಳ್ಳಲಿಲ್ಲ. ವರದಾ ಕೆಳಗೆ ಏಣಿ ಹಿಡಿದು ನಿಂತಿದ್ದಳು, ನಾನು ಹತ್ತುವಾಗ ಏಣಿ ಬಿಟ್ಟು ಬಣ್ಣ ಕಲಸಲು ಹೋದಳು.

ಬಸುರಿ ಇರುವ ಖೋಲಿ ಮೊದಲು ಎಂದು ಕಾಕಾ ಹೇಳಿದ್ದ. ವೈನಿ ಒಪ್ಪಲಿಲ್ಲವಂತೆ. ನಮ್ಮಿಂದ ಎಲ್ಲರಿಗೂ ತಡವಾಯಿತು, ನಮ್ಮದು ಕಡೆಗೇ ಆಗಲಿ ಎಂದು ಅವ್ವಮ್ಮ ಆಯಿಯ ಕೈಯಲ್ಲಿ ಹೇಳಿಕಳಿಸಿದ್ದಳು. ಹಾಗಾಗಿ ಮೊದಲ ದಿನ ಹದಿನೆಂಟು ಖೋಲಿ, ಎರಡನೆಯ ದಿನ ಹದಿನೇಳು, ನಮ್ಮದಕ್ಕೆ ಬರುವಾಗ ಹನ್ನೆರಡು ದಾಟಿತ್ತು. ಉಳಿದ ಹುಡುಗಿಯರು ನೆರಳಿಗೆ ಇಳಿದುಹೋದರು. ನಾನು ಹಸಿ ಗೋಣಿಯನ್ನು ಮೊಣಕಾಲಿಗೆ ಹಾಕಿಕೊಂಡು ಒಬ್ಬಳೇ ಹಚ್ಚತೊಡಗಿದೆ. ಬಣ್ಣ ಬೀಳುತ್ತಲೇ ಒಣಗುತ್ತಿತ್ತು. ಬಿಳುಪು ಕಣ್ಣಿಗೆ ಚುಚ್ಚಿ ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟೆ ಎಂದು ಗೊತ್ತಾಗುತ್ತಿರಲಿಲ್ಲ.

ಕೆಳಗಿನಿಂದ ಠಕ್ ಎಂದಿತು. ವೈನಿ ಲಟ್ಟಣಿಗೆಯಿಂದ ಪತ್ರಾಕ್ಕೆ ಕುಟ್ಟಿದ್ದಳು. ಹಚ್ಚದ ಕಡೆ ಪತ್ರಾ ಹೆಚ್ಚು ಸುಡುತ್ತದೆ, ಕೆಳಗಿನಿಂದ ಅಂಗೈ ಒಡ್ಡಿದರೆ ತಿಳಿಯುತ್ತದೆ. ನಾನು ಅಲ್ಲಿ ನೋಡಿದೆ. ಎರಡು ಪತ್ರಾ ಕೂಡುವ ಜಾಗದಲ್ಲಿ ಕೈಯಗಲ ಬಿಟ್ಟುಹೋಗಿತ್ತು. ಹಚ್ಚಿದೆ. ಇನ್ನೊಂದು ಕಡೆ ಠಕ್ ಎಂದಿತು. ಅಲ್ಲಿಯೂ ಹಚ್ಚಿದೆ. ಹತ್ತು ದಿನದಿಂದ ಅವಳು ನನ್ನೊಂದಿಗೆ ಮಾತಾಡಿರಲಿಲ್ಲ, ತಟ್ಟೆಯನ್ನು ಕೂಡ ನೆಲಕ್ಕೆ ಇಟ್ಟು ಸರಿಸುತ್ತಿದ್ದಳು.

ಆಮೇಲೆ ಪತ್ರಾದ ಕೆಳಗಿನಿಂದ ಅವಳ ದನಿ ಬಂತು.

“ಮೂರನೇ ದಿನಾನೇ ಗೊತ್ತಿತ್ತೇನ್ ನಿನಗ?”

“ಹ್ಞೂ.”

“ನಾ ಬಿದ್ದ ದಿನಾನೂ?”

“ಹ್ಞೂ, ವೈನಿ.”

ಬ್ರಷ್ಷಿನಿಂದ ಹನಿ ಬಿದ್ದು ನನ್ನ ಕಾಲಮೇಲೆ ಒಣಗಿತು. ಅವಳು ಮತ್ತೇನಾದರೂ ಅನ್ನಲಿ ಎಂದು ಕಾದೆ. ಲಟ್ಟಣಿಗೆ ಮತ್ತೆ ಕುಟ್ಟಿತು, ಮೊದಲಿಗಿಂತ ಜೋರಾಗಿ, ನನ್ನ ಮೊಣಕಾಲಿನ ಕೆಳಗೇ.

“ಇಲ್ಲಿ ಬಿಟ್ಟೀ,” ಅಂದಳು.

ನಾನು ಹಿಂದಕ್ಕೆ ಸರಿದು ಅಲ್ಲಿ ಇನ್ನೊಂದು ಕೈ ಹಚ್ಚಿದೆ.